ಮಹಾಪ್ರಭುವಿನ ಮೇಲ್ದವಡೆ

ಫೆಬ್ರವರಿ ೧, ಭಾನುವಾರ

ಕೇಳಿರಿ, ಕೇಳಿರಿ! ಎಂದು ಶುರು ಮಾಡೋಣವೆಂದರೆ ಕೇಳುವವರು ಯಾರೂ ಇಲ್ಲ. ಬರೆಯುವವಳೂ ನಾನೇ, ಓದುವವಳೂ ನಾನೇ. ಆದರೂ ಇಂಥ ಪ್ರಸಂಗವನ್ನು ಮೆಲ್ಲಗೆ ಬರೆಯುವುದು ನನ್ನ ಜಾಯಮಾನವಲ್ಲ!

ನಿನ್ನೆ ಸಂಜೆ, ಮೂರನೆಯ ಅಂಕ. ಸಿಂಹಾಸನದ ಮೇಲೆ ನಾನು, ಅಂದರೆ ಲೋಕಕಂಟಕ ಮಹಾಪ್ರಭು. ಕೆಳಗೆ ಸಂಕೋಲೆ ತೊಟ್ಟ ನಾಯಕಿ. "ನಿನ್ನ ಕಣ್ಣೀರಿನಿಂದ ನನ್ನ ಕೋಟೆಯ ಕಂದಕ ತುಂಬಿಸುತ್ತೇನೆ!" ಎಂದು ಗರ್ಜಿಸಿ, ಕಂಪನಿಗೆ ಹೆಸರು ತಂದ ಆ ಅಟ್ಟಹಾಸಕ್ಕೆ ಬಾಯಿ ತೆರೆದೆ.

ತೆರೆದದ್ದು ತೆರೆದೇ ಉಳಿಯಿತು.

ಕಿವಿಯ ಮುಂದೆ ಕಟಕ್ ಎಂದಿತು, ಅಷ್ಟೇ. ದವಡೆ ಸಿಕ್ಕಿಕೊಂಡಿತು. ನಗು ಮುಗಿದರೂ ಬಾಯಿ ಮುಗಿಯಲಿಲ್ಲ. ಕಣ್ಣು ಕಣ್ಣು ಬಿಡುತ್ತ, ಎರಡೂ ಕೈ ಮೇಲೆತ್ತಿ "ಆಆಆ" ಎಂದೆ. ಚಪ್ಪಾಳೆ! ನಾಯಕಿ ತನ್ನ ಮಾತು ಹೇಳಿದಳು, ನನ್ನ ಉತ್ತರ, "ಆಆಆ." ಇನ್ನೂ ಜೋರು ಚಪ್ಪಾಳೆ! ಮಂತ್ರಿಯ ವೇಷದಲ್ಲಿದ್ದ ಯಜಮಾನರಿಗೆ (ಕಂಪನಿ ಅವರದು, ನಾಟಕ ಅವರದು, ನಮ್ಮ ಜುಟ್ಟುಗಳೂ ಅವರ ಕೈಯಲ್ಲೇ) ವಿಷಯ ತಿಳಿಯಿತು. "ಪ್ರಭೂ, ಕೋಪ ನುಂಗಿಕೊಳ್ಳಿ!" ಎಂದು ನನ್ನ ಮುಖದ ಮೇಲೆ ಶಾಲು ಹೊದಿಸಿ, ಒಳಗೆ ಕೈ ಹಾಕಿ, ಹಿಂದಿನ ಹಲ್ಲುಗಳ ಮೇಲೆ ಹೆಬ್ಬೆರಳು ಊರಿ ಒತ್ತಿದರು. ಕಟಕ್! ಬಾಯಿ ಮುಚ್ಚಿತು. ಅವರ ಹೆಬ್ಬೆರಳ ಮೇಲೆಯೇ ಮುಚ್ಚಿತು. ಆಗ ಮಂತ್ರಿವರ್ಯರು ಕಿರುಚಿದ ಕಿರುಚಾಟಕ್ಕೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ನನ್ನ ಮುಖದ ಕಥೆ ಇಷ್ಟೇ: ಮೇಲ್ದವಡೆ ಹಿಂದೆ, ಕೆಳದವಡೆ ಮುಂದೆ. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲುಗಳು ಮೇಲಿನವನ್ನು ದಾಟಿ ಹೊರಗೆ ಬಂದು ಕಾವಲು ನಿಲ್ಲುತ್ತವೆ. ಆ ಗದ್ದದ ದೆಸೆಯಿಂದಲೇ ಹೆಣ್ಣಾದ ನಾನು ಈ ಕಂಪನಿಯ ಖಾಯಂ ರಾಜ. ಎಲ್ಲರೂ ಕರೆಯುವುದೂ ಮಹಾಪ್ರಭು ಎಂದೇ. ಒಂದೂವರೆ ವರ್ಷದಿಂದ ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡಿದ್ದೇನೆ. ದೀಪದ ಬೆಳಕಿಗೆ ಮಿಂಚುವ ಆ ತಂತಿಯನ್ನು ಜನ ರಾಜವೈಭವವೆಂದೇ ತಿಳಿದಿದ್ದಾರೆ. ಹಲ್ಲಿನ ಕೆಲಸ ಮುಗಿಯುತ್ತ ಬಂತು, ಇನ್ನು ಮೂಳೆಯ ಕೆಲಸ. ಯಾವ ಆಪರೇಷನ್ ಎಂದು ತೀರ್ಮಾನಿಸಿಕೊಂಡು ಬರಲು ಡಾಕ್ಟರಮ್ಮ ಹೇಳಿದ್ದರು. ಆ ನಾಟಕ ಮುಗಿಯಲಿ, ಈ ನಾಟಕ ಮುಗಿಯಲಿ ಎಂದು ನಾನು ತಳ್ಳುತ್ತ ಬಂದಿದ್ದೆ.

ಕಂಪನಿಯ ಉಡುಪು ಹೊಲಿಯುವ ಅಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು: "ನೀನಾಗಿ ಹೋಗ್ತೀಯಾ, ಇಲ್ಲ ಕಿವಿ ಹಿಡ್ಕೊಂಡು ಕರ್ಕೊಂಡು ಹೋಗ್ಲಾ?"

ಫೆಬ್ರವರಿ ೩, ಮಂಗಳವಾರ

ಡಾಕ್ಟರಮ್ಮ ಕುಳ್ಳಗಿದ್ದಾರೆ, ನಗುಮುಖ. ಅವರ ಮೇಜಿನ ಮೇಲಿರುವ ತಲೆಬುರುಡೆಯೇ ಅವರಿಗಿಂತ ಗಂಭೀರ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದರು:

"ಮೂರು ದಾರಿ ಇವೆ. ಒಂದು, ಗದ್ದದ ತುದಿ ಮಾತ್ರ ಕತ್ತರಿಸಿ ಚಿಕ್ಕದು ಮಾಡೋದು. ಸಣ್ಣ ಆಪರೇಷನ್. ನೋಡೋಕೆ ಬದಲಾವಣೆ ಕಾಣುತ್ತೆ."

"ಕಚ್ಚೋದು?"

"ಈಗ ಹೇಗೆ ಕಚ್ಚಲ್ವೋ ಹಾಗೇ ಕಚ್ಚಲ್ಲ. ಎರಡು, ಕೆಳದವಡೆಯನ್ನ ಎರಡೂ ಕಡೆ ಸೀಳಿ ಹಿಂದಕ್ಕೆ ಸರಿಸೋದು. ಹಲ್ಲು ಕೂಡುತ್ತೆ. ಆದ್ರೆ ಒಳಗೆ ನಾಲಿಗೆಗೆ ಜಾಗ ಕಮ್ಮಿ ಆಗುತ್ತೆ. ಗೊರಕೆ ಹೊಡೀತೀರಾ?"

"ಇಲ್ಲ" ಎಂದೆ.

"ಹೊಡೀತಾಳೆ" ಎಂದಳು ಅಮ್ಮ. "ಮೋಟರ್ ಆಫ್ ಮಾಡಿ ಅಂತ ಪಕ್ಕದ ಮನೆಯವರು ಬಂದಿದ್ರು."

ಡಾಕ್ಟರಮ್ಮ ಅದನ್ನೂ ಬರೆದುಕೊಂಡರು! "ಮೂರು, ಮೇಲ್ದವಡೆಯನ್ನ ಬಿಡಿಸಿ ಮುಂದಕ್ಕೆ ತಂದು, ಪುಟ್ಟ ಲೋಹದ ಪಟ್ಟಿ ಹಾಕಿ ಕೂರಿಸೋದು. ಆಗ್ಲೂ ಹಲ್ಲು ಕೂಡುತ್ತೆ. ಮೂಗು ಸ್ವಲ್ಪ ಅಗಲ ಆಗಬಹುದು, ಮೇಲ್ತುಟಿ ಕೆಲವು ತಿಂಗಳು ಜೋಮು ಹಿಡಿದ ಹಾಗಿರಬಹುದು. ಕೆಲವರಿಗೆ ಎರಡೂ ದವಡೆ ಮಾಡಬೇಕಾಗುತ್ತೆ. ನಿಮಗೆ ಒಂದು ಸಾಕು. ಮೇಲಿನದೋ ಕೆಳಗಿನದೋ, ನೀವೇ ಯೋಚನೆ ಮಾಡಿ."

"ಅಲ್ಲ ಡಾಕ್ಟರೇ, ತಪ್ಪು ಯಾರದು? ಮೇಲಿನದರದಾ, ಕೆಳಗಿನದರದಾ?"

"ಇಬ್ಬರದೂ ಸ್ವಲ್ಪ ಸ್ವಲ್ಪ. ಸಂಸಾರದಲ್ಲಿ ಇರೋ ಹಾಗೆ."

ಬಾಯಿ ಸಿಕ್ಕಿಕೊಳ್ಳುವುದು ನಿಲ್ಲುತ್ತದೆಯೇ ಎಂದು ಕೇಳಿದೆ. ಹಲ್ಲು ಕೂಡಿದರೆ ಕೀಲಿಗೆ ಭಾರ ಕಡಿಮೆಯಾಗಬಹುದಂತೆ, ಆದರೆ ಬರೆದುಕೊಡುವುದಿಲ್ಲವಂತೆ. "ಅಷ್ಟಗಲ ಬಾಯಿ ತೆಗೆದು ನಗೋದನ್ನಂತೂ ಯಾವ ಆಪರೇಷನ್ ಮಾಡಿಸಿದ್ರೂ ಬಿಡಬೇಕು. ಮಾಡಿಸದಿದ್ರೂ ಬಿಡಬೇಕು."

ಅಟ್ಟಹಾಸವಿಲ್ಲದ ಮಹಾಪ್ರಭು! ಮತ್ತೆ, ಬಹಳ ಮೆಲ್ಲಗೆ ಕೇಳಿದೆ (ಮೆಲ್ಲಗೆ ಎಂದರೆ ಹೊರಗೆ ಕಾಯುತ್ತಿದ್ದವರು ತಲೆ ಒಳಗೆ ಹಾಕಿ ನೋಡುವಷ್ಟು): "ನನ್ನ ಧ್ವನಿ?"

"ಗಂಟಲು ನಾವು ಮುಟ್ಟಲ್ಲ. ಆದ್ರೆ ಬಾಯಿಯ ಒಳಗಿನ ಜಾಗ ಬದಲಾಗುತ್ತಲ್ಲ. ಕೆಲವು ಅಕ್ಷರ ಹೊಸದಾಗಿ ಕಲೀಬೇಕಾಗಬಹುದು. ನಾದ ಸ್ವಲ್ಪ ಬದಲಾಗಬಹುದು. ಆಗದೆಯೂ ಇರಬಹುದು."

ಫೆಬ್ರವರಿ ೪, ಬುಧವಾರ

ಸ್ವಲ್ಪ ಎಂದರೆ ಎಷ್ಟು?

ಫೆಬ್ರವರಿ ೭, ಶನಿವಾರ

ಮಹಾಸಭೆ! ಉಡುಪಿನ ಕೋಣೆಯಲ್ಲಿ, ಪೆಟ್ಟಿಗೆಗಳ ಮೇಲೆ ಎಲ್ಲರನ್ನೂ ಕೂರಿಸಿ, ಮಧ್ಯೆ ನಿಂತು ಸಾರಿದೆ: "ಸಭಿಕರೇ! ನಿಮ್ಮ ಮುಂದಿರುವ ಈ ಮುಖ ಇನ್ನು ಕೆಲವೇ ದಿನಗಳ ಅತಿಥಿ. ಮುಂದಿನದು ಹೇಗಿರಬೇಕೆಂದು ನೀವೇ ಅಪ್ಪಣೆ ಕೊಡಿಸಬೇಕು!"

ನಾಯಕಿ ಹಾರಿ ಬಂದು ನನ್ನ ಗದ್ದ ಹಿಡಿದಳು. "ಇದೊಂದನ್ನ ತೆಗೆಸಿಬಿಡೇ! ಸಾಕು. ಆಮೇಲೆ ನೀನೂ ನಾನೂ ಅಕ್ಕ ತಂಗಿ ಪಾರ್ಟು. ಒಂದೇ ಬಣ್ಣದ ಬಟ್ಟೆ!"

"ಹಲ್ಲು ಕೂಡೋದು ಬೇಡ್ವಾ?"

"ನಗಬೇಕಾದ್ರೆ ಬಾಯಿಗೆ ಬೀಸಣಿಗೆ ಹಿಡ್ಕೊ. ನಾನು ಹಿಡ್ಕೊಳ್ಳಲ್ವಾ?"

ಅಮ್ಮ ಎರಡನೆಯದಕ್ಕೆ. "ಕೆಳಗಿನದೇ ಹಿಂದಕ್ಕೆ ಹೋಗ್ಲಿ. ಹುಟ್ಟಿದಾಗಿನಿಂದ ಎಲ್ಲದಕ್ಕೂ ಮುಂದೆ ಮುಂದೆ ಬಂದಿದ್ದು ಸಾಕು."

ದೀಪದವನು ಗೋಡೆಯ ಮೇಲಿನ ನನ್ನ ನೆರಳು ನೋಡಿ ಕಣ್ಣೊರೆಸಿಕೊಂಡ. ಹದಿನಾರು ದೀಪದಲ್ಲೂ ಇಂಥ ನೆರಳು ಇನ್ನೊಬ್ಬರಿಂದ ಬೀಳುವುದಿಲ್ಲವಂತೆ. ಟಿಕೆಟ್ ಕೊಡುವವರು, ಮಾಡುವುದಿದ್ದರೆ ಎಲ್ಲವನ್ನೂ ಒಟ್ಟಿಗೆ ಮಾಡಿಸು, ಮತ್ತೆ ಮತ್ತೆ ರಜ ಯಾರು ಕೊಡುತ್ತಾರೆ ಎಂದರು. ಯಜಮಾನರು ಬ್ಯಾಂಡೇಜು ಸುತ್ತಿದ ಹೆಬ್ಬೆರಳನ್ನು ದಂಡದಂತೆ ಎತ್ತಿದರು. "ಯಾವುದೂ ಬೇಡ! ಆ ಗದ್ದ ಕಂಪನಿ ಆಸ್ತಿ. ಪೋಸ್ಟರ್‌ನಲ್ಲಿ ನಿನ್ನ ಹೆಸರು ಎಲ್ಲಿದೆ? ಗದ್ದ ಇದೆ!"

ಎಲ್ಲರ ಮಾತನ್ನೂ ನಾನು ಒಪ್ಪಿದೆ. ಒಬ್ಬೊಬ್ಬರು ಹೇಳುವಾಗಲೂ ಅದೇ ಸರಿ ಎನ್ನಿಸಿತು. ಸಭೆಯ ತೀರ್ಪು: ನನಗೆ ನಾಲ್ಕು ಮುಖ ಬೇಕು.

ಬಣ್ಣದ ಮಾವ ಮಾತ್ರ ಬಾಯಿ ಬಿಡಲಿಲ್ಲ. ಅಮ್ಮನ ತಮ್ಮ; ನಮ್ಮೆಲ್ಲರ ಮುಖಕ್ಕೆ ಬಣ್ಣ ಹಚ್ಚುವವರು. ಗಡ್ಡಕ್ಕೆ ಅಂಟು ಕಲಸುತ್ತಿದ್ದರು.

ಫೆಬ್ರವರಿ ೧೦, ಮಂಗಳವಾರ

ಮಾವನೇ ಕರೆದರು. "ಬಾ ಮಹಾಪ್ರಭು, ಬೀದಿ ತಾಲೀಮು ಮಾಡೋಣ."

ಆಹಾ! ಇದು ನನಗೇಕೆ ಹೊಳೆಯಲಿಲ್ಲ! ನಮ್ಮ ಕಂಪನಿಯ ಕಟ್ಟಳೆ ಇದು: ಹೊಸ ಮುಖ ಹಾಕಿಕೊಂಡವರು ನೇರ ರಂಗ ಹತ್ತುವಂತಿಲ್ಲ. ಆ ಮುಖದಲ್ಲೇ ಒಂದು ದಿನ ಬೀದಿಯಲ್ಲಿ ತಿರುಗಬೇಕು, ಅಂಗಡಿಯಲ್ಲಿ ಏನಾದರೂ ಕೊಳ್ಳಬೇಕು, ಗುರುತಿಲ್ಲದವರ ಹತ್ತಿರ ದಾರಿ ಕೇಳಬೇಕು. ಮುಖ ಮೈಗೆ ಹತ್ತಿದ ಮೇಲೆಯೇ ಬೆಳಕಿಗೆ ಬರಬೇಕು.

"ಮೂರೂ ಮುಖ ಮಾಡ್ಕೊಡ್ತೀರಾ ಮಾವ?"

"ಎಲ್ಲಿಂದ ಮಾಡ್ಲಿ? ನನ್ನ ಕೈಯಲ್ಲಿ ಸೇರಿಸೋಕಾಗುತ್ತೆ, ಕಳೆಯೋಕಾಗಲ್ಲ. ಗದ್ದ ಹೇಗೆ ಕಮ್ಮಿ ಮಾಡ್ಲಿ, ಉಜ್ಜಲಾ? ಮೇಲಿನದು ಮುಂದಕ್ಕೆ ಬಂದ್ರೆ ಹೇಗಿರುತ್ತೆ ಅನ್ನೋದೊಂದನ್ನ ಮಾತ್ರ ತೋರಿಸಬಲ್ಲೆ. ಉಳಿದೆರಡು ದೇವರಿಗೇ ಬಿಟ್ಟಿದ್ದು."

ಮೇಣವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಮೇಲ್ತುಟಿಯ ಒಳಗೆ, ಒಸಡಿನ ಮೇಲೆ ಒತ್ತಿ ಒತ್ತಿ ಕೂರಿಸಿದರು. ತೆಗೆದರು, ತೀಡಿದರು, ಮತ್ತೆ ಕೂರಿಸಿದರು. ಮಾತಾಡಬಾರದೆಂದು ಹೇಳಿದ್ದರಿಂದ ನಾನು ಕೈಯಲ್ಲೇ ಎರಡು ದೃಶ್ಯ ಅಭಿನಯಿಸಿ ತೋರಿಸಿದೆ.

ಫೆಬ್ರವರಿ ೧೨, ಗುರುವಾರ

ಇಂದಿನ ಪ್ರಹಸನವನ್ನು ಯಾವ ಕವಿಯೂ ಬರೆಯಲಾರ!

ಬೆಳಿಗ್ಗೆ ಮೇಣ ಹಾಕಿಕೊಂಡು ಹೊರಟೆ. ಗುಂಡಿ ಅಂಗಡಿಯಲ್ಲಿ ಅಮ್ಮನಿಗೆ ಗುಂಡಿ ಕೊಂಡೆ. ನೀಲಿಯೋ ಹಸಿರೋ ಎಂದು ಅಂಗಡಿಯವಳ ಜೊತೆ ಜಗಳವಾಡಿದೆ. ಅಂಚೆ ಕಚೇರಿ ಎಲ್ಲಿ ಎಂದು ಒಬ್ಬ ಮುದುಕರನ್ನು ಕೇಳಿದೆ. ಅವರು ಮೂರು ತಿರುವಿನ ದಾರಿಗೆ ತಮ್ಮ ಮೂರು ಸೊಸೆಯಂದಿರ ಕಥೆ ಸೇರಿಸಿ ಹೇಳಿದರು. ಬಸ್ಸಿನಲ್ಲಿ ನಿಂತೇ ಹೋದೆ. ಡಾಕ್ಟರಮ್ಮನ ಕೋಣೆಗೆ ಹೋಗಿ ಪಟಪಟ ಫೋಟೋ ತೆಗೆಸಿಕೊಂಡೆ.

ಅವರು ಹೊಸ ಫೋಟೋವನ್ನೂ ಹಳೆಯ ಎಕ್ಸ್‌ರೇಯನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದರು. "ವಿಚಿತ್ರ. ಮೂಳೆ ಒಂದು ಹೇಳ್ತಿದೆ, ಮುಖ ಇನ್ನೊಂದು ಹೇಳ್ತಿದೆ. ಯಾವುದಕ್ಕೂ ಹೊಸ ಅಚ್ಚು ತೆಗೆಸಿಕೊಂಡು ಬನ್ನಿ."

ಅಚ್ಚಿನ ಕೋಣೆ ಓಣಿಯ ಕೊನೆಯಲ್ಲಿದೆ. ಹಲ್ಲಿನ ಅಚ್ಚು ತೆಗೆದು ಪ್ಲಾಸ್ಟರ್ ಹಲ್ಲು ಮಾಡುವವರು ಹೊಸಬರು. ಮೊಣಕೈವರೆಗೂ ಬಿಳಿ ಪುಡಿ, ಹುಬ್ಬಿನಲ್ಲೂ ಪುಡಿ. ನಾನು ಮಹಾಪ್ರಭುವಿನ ದವಡೆ ಸಿಕ್ಕಿಕೊಂಡ ಕಥೆಯನ್ನು ಅಭಿನಯ ಸಹಿತ ಹೇಳುತ್ತಿದ್ದೆ. ಹೆಬ್ಬೆರಳಿನ ಘಟ್ಟಕ್ಕೆ ಬರುವಷ್ಟರಲ್ಲಿ ತಣ್ಣನೆಯ ಮುದ್ದೆ ತುಂಬಿದ ತಟ್ಟೆಯನ್ನು ಬಾಯಿಗಿಟ್ಟರು. ಗಟ್ಟಿಯಾದ ಮೇಲೆ ಎಳೆದರು. ಪಚಕ್!

ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದರೊಳಗಿಂದ, ಎರಡು ಬೆರಳಿನಲ್ಲಿ, ಗುಲಾಬಿ ಬಣ್ಣದ ಬಾಗಿದ ಒಂದು ತುಂಡನ್ನು ಮೆಲ್ಲಗೆ ಬಿಡಿಸಿ ತೆಗೆದರು.

"ಇದು... ನಿಮ್ಮದಾ?"

ಅಯ್ಯೋ ನನ್ನ ಮೇಣವೇ! ಹಾಕಿಕೊಂಡದ್ದೇ ಮರೆತುಹೋಗಿತ್ತು! ಡಾಕ್ಟರಮ್ಮನನ್ನು ಕರೆದರು. ಡಾಕ್ಟರಮ್ಮ ಮೇಣ ನೋಡಿದರು, ನನ್ನ ಮುಖ ನೋಡಿದರು, ಗೋಡೆಗೆ ಒರಗಿ ನಕ್ಕು ನಕ್ಕು ಕುಸಿದು ಕೂತರು. "ಇಷ್ಟು ವರ್ಷದಲ್ಲಿ ಆಪರೇಷನ್ ಮನೇಲೇ ಮಾಡ್ಕೊಂಡು ಬಂದಿದ್ದು ನೀವೊಬ್ಬರೇ ಕಣ್ರೀ!"

ಫೋಟೋ, ಅಚ್ಚು ಎಲ್ಲ ಮತ್ತೊಮ್ಮೆ.

ಫೆಬ್ರವರಿ ೧೩, ಶುಕ್ರವಾರ

ಅಚ್ಚಿನವರು ನಗಲಿಲ್ಲ ಎಂಬುದನ್ನು ನಿನ್ನೆ ಬರೆಯಲು ಮರೆತೆ. ಮೇಣವನ್ನು ತೊಳೆದು, ಒರೆಸಿ, ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ಒಡವೆ ಕೊಡುವ ಹಾಗೆ.

ಫೆಬ್ರವರಿ ೧೭, ಮಂಗಳವಾರ

ಯಜಮಾನರ ಘೋಷಣೆ. ಮಳೆಗಾಲಕ್ಕೆ ಮೊದಲು ಹೊಸ ನಾಟಕ ರಂಗಕ್ಕೆ ಬರಬೇಕು. ಹೊಸ ರಾಜ, ಹೊಸ ಕ್ರೌರ್ಯ, ನಾಲ್ಕು ಅಂಕ, ಎಲ್ಲ ಅಂಕದಲ್ಲೂ ಅವನೇ.

"ಈ ಮುಖ ಹೀಗೇ ಉಳಿಸ್ಕೊಂಡ್ರೆ ರಾಜ ನೀನು. ಕತ್ತರಿ ಹಾಕಿಸ್ಕೊಂಡ್ರೆ ಎರಡನೇ ದಾಸಿ."

"ಮೇಲಿನದನ್ನ ಮಾಡಿಸಿದ್ರೆ ಗದ್ದ ಎಲ್ಲೂ ಹೋಗಲ್ಲ ಯಜಮಾನ್ರೇ, ಇಲ್ಲೇ ಇರುತ್ತೆ."

"ಇದ್ದು ಏನು ಬಂತು? ಮೇಲಿನದು ಮುಂದೆ ಬಂದ್ಮೇಲೆ ಗದ್ದದ ಗತ್ತು ಹೋಯ್ತಲ್ಲ! ಮೇಲಾಗಿ ಧ್ವನಿ ಏನಾಗುತ್ತೋ ಯಾರಿಗೆ ಗೊತ್ತು. ಅಟ್ಟಹಾಸ ಇಲ್ಲ, ಗತ್ತಿಲ್ಲ, ಧ್ವನಿ ಗ್ಯಾರಂಟಿ ಇಲ್ಲ. ನನ್ನ ಜಾಗದಲ್ಲಿ ನೀನಿದ್ರೆ ಏನು ಮಾಡ್ತಿದ್ದೆ?"

ಅವರ ಜಾಗದಲ್ಲಿ ನಿಂತು ನೋಡಿದೆ. ಎರಡನೇ ದಾಸಿಯೇ.

ಎರಡನೇ ದಾಸಿಗೆ ಇರುವುದು ಒಂದೇ ಮಾತು: "ಅಮ್ಮಾವ್ರೇ, ನೀರು."

ಫೆಬ್ರವರಿ ೨೦, ಶುಕ್ರವಾರ

ಆಸ್ಪತ್ರೆಯ ದಾರಿಯಲ್ಲಿ ಏನೋ ಕೆಲಸವಿತ್ತು. ಏನೆಂದು ಈಗ ನೆನಪಾಗುತ್ತಿಲ್ಲ. ಹೇಗೂ ಬಂದಿದ್ದೇನಲ್ಲ ಎಂದು ಅಚ್ಚಿನ ಕೋಣೆಗೆ ಇಣುಕಿದೆ.

ಅಲ್ಲಿತ್ತು ನನ್ನ ಬಾಯಿ! ಮೇಲೊಂದು ಕೆಳಗೊಂದು ಪ್ಲಾಸ್ಟರ್ ದವಡೆ, ಹಿತ್ತಾಳೆಯ ಕೀಲಿನ ಯಂತ್ರಕ್ಕೆ ಸಿಕ್ಕಿಸಿ ಮೇಜಿನ ಮೇಲೆ ನಿಲ್ಲಿಸಿದ್ದರು. "ಇದು ಮಾತಾಡುತ್ತಾ?" ಎಂದೆ.

"ಇಲ್ಲ. ಅದೊಂದೇ ವ್ಯತ್ಯಾಸ" ಎಂದರು.

ನೋಡಿದೆಯಾ! ಸೌಮ್ಯವಾಗಿ ಕಾಣುತ್ತಾರೆ, ಒಳಗೆ ಹೀಗೆ.

ಅವರು ಕೆಳಗಿನದನ್ನು ಸಡಿಲಿಸಿ, ಹಿಂದಕ್ಕೆ ಸರಿಸಿ, ಮುಚ್ಚಿ ತೋರಿಸಿದರು. ಟಕ್. ಮೊದಲಿನಂತೆ ಮಾಡಿ, ಮೇಲಿನದನ್ನು ಮುಂದಕ್ಕೆ ತಂದು ಮುಚ್ಚಿದರು. ಟಕ್. ಮೂವತ್ತೊಂದು ವರ್ಷದ ಬಾಳಿನಲ್ಲಿ ನನ್ನ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗಿದ ಸದ್ದನ್ನು ನಾನು ಕೇಳಿರಲಿಲ್ಲ. ಇನ್ನೊಮ್ಮೆ ಎಂದೆ. ಟಕ್. ಇನ್ನೊಮ್ಮೆ. ಟಕ್.

"ಇಷ್ಟೊತ್ತು ಸುಮ್ಮನಿದ್ದೀರಿ. ಹುಷಾರಾಗಿದ್ದೀರಾ?"

"ಯಾವುದು ಮಾಡಿಸ್ಲಿ ಹೇಳಿ" ಎಂದೆ.

"ಎರಡರಲ್ಲೂ ಸದ್ದು ಒಂದೇ. ನನ್ನ ಮೇಜಿನ ಮೇಲೆ ಮುಖ ಇರಲ್ಲ, ಹಲ್ಲು ಮಾತ್ರ ಇರುತ್ತೆ." ಪ್ಲಾಸ್ಟರ್ ದವಡೆ ಬದಿಗಿಟ್ಟು ಕೇಳಿದರು, "ಅವತ್ತು ಮೇಣ ಇದೆ ಅನ್ನೋದು ನಿಜವಾಗ್ಲೂ ಮರೆತಿದ್ರಾ?"

"ನಿಜವಾಗ್ಲೂ."

"ಬೆಳಿಗ್ಗೆಯಿಂದ?"

ಅದಕ್ಕೆ ಏನು ಉತ್ತರ ಕೊಟ್ಟೆನೋ. ಹುಬ್ಬಿನ ಮೇಲಿನ ಪುಡಿ ಒರೆಸಿಕೊಳ್ಳಿ ಎಂದು ಹೇಳಿ ಬಂದೆ. ಒರೆಸಿಕೊಂಡರೋ ಇಲ್ಲವೋ.

ಫೆಬ್ರವರಿ ೨೪, ಮಂಗಳವಾರ

ಡಾಕ್ಟರಮ್ಮನ ಮುಂದೆ ಕೂತು ಹೇಳಿಬಿಟ್ಟೆ. "ಮೇಲಿನದು."

"ಮನೆಯಲ್ಲಿ ಎಲ್ಲರೂ ಒಪ್ಪಿದ್ರಾ?"

"ಕೇಳಲಿಲ್ಲ."

"ಯಾಕೆ ಮೇಲಿನದು ಅಂತ ನಾನು ಕೇಳಬಹುದಾ?"

ಇಲ್ಲೊಂದು ಭಾಷಣವಿತ್ತು. ಬಸ್ಸಿನಲ್ಲಿ ಕೂತು ಸಿದ್ಧ ಮಾಡಿಕೊಂಡಿದ್ದೆ, ಆರಂಭ, ಏರಿಳಿತ, ಮುಕ್ತಾಯ ಸಹಿತ. ಆದರೆ ಬಾಯಿಗೆ ಬಂದದ್ದು ಇಷ್ಟೇ: "ಆ ಮೇಣ ಹಾಕ್ಕೊಂಡ ದಿನ, ಬೆಳಿಗ್ಗೆಯಿಂದ ನನಗೆ ಮುಖ ಇದೆ ಅನ್ನೋದೇ ನೆನಪಿರಲಿಲ್ಲ ಡಾಕ್ಟರೇ. ಗುಂಡಿ ತಗೊಂಡೆ, ದಾರಿ ಕೇಳಿದೆ. ಯಾರು ನೋಡ್ತಿದ್ದಾರೆ ಅಂತ ಒಂದ್ಸಲನೂ ನೋಡಲಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಗೊರಕೆಯವರಿಗೂ ಅದೇ ಒಳ್ಳೇದು. ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ, ನೀವೇ ಹೇಳ್ಲಿ ಅಂತ ಕಾಯ್ತಿದ್ದೆ."

ಯಜಮಾನರಿಗೆ ಹೇಳಿದೆ. "ದಾಸಿ" ಎಂದರು. "ಆಗ್ಲಿ" ಎಂದೆ. ಜಗಳಕ್ಕೆ ತಯಾರಾಗಿದ್ದ ಅವರು ಕಂಗಾಲಾಗಿ, "ಎರಡನೇ ದಾಸಿ!" ಎಂದು ಇನ್ನೊಮ್ಮೆ ಕೂಗಿದರು. ಅಷ್ಟರಲ್ಲಿ ನಾನು ಮೆಟ್ಟಿಲು ಇಳಿದಿದ್ದೆ.

ಅಮ್ಮನಿಗೆ ಹೇಳಬೇಕು. ಮರೆತೇಹೋಯಿತು. ನಾಳೆ.

ಮಾರ್ಚ್ ೯, ಸೋಮವಾರ

ಆಸ್ಪತ್ರೆ. ಹಸಿರು ಗೋಡೆ, ಬಿಳಿ ಹಾಸಿಗೆ, ಬೆನ್ನಿನ ಕಡೆ ದಾರ ಕಟ್ಟುವ ಅಂಗಿ. ಮಹಾಪ್ರಭುವಿಗೆ ಇಂಥ ಉಡುಪು ಹೊಲಿದವರನ್ನು ಅಮ್ಮ ಹುಡುಕುತ್ತಿದ್ದಾಳೆ.

ನಾಳೆಯಿಂದ ಈ ಧ್ವನಿ ಇರುತ್ತದೆಯೋ ಇಲ್ಲವೋ. ಇರುವಾಗಲೇ ಖರ್ಚು ಮಾಡಿಬಿಡೋಣವೆಂದು ಹಳೆಯ ನಾಟಕದ ಮಾತುಗಳನ್ನೆಲ್ಲ, ಮೊದಲ ಅಂಕದಿಂದ, ಹೇಳುತ್ತ ಕೂತೆ. ಅಟ್ಟಹಾಸ ಬಿಟ್ಟು. ಎರಡನೆಯ ಅಂಕದ ಕೊನೆಯಲ್ಲಿ ನರ್ಸ್ ಬಾಗಿಲು ತಟ್ಟಿದರು. ಬೈಯುತ್ತಾರೆಂದುಕೊಂಡೆ.

"ಮೇಡಂ, ಪಕ್ಕದ ರೂಮಿನವರು ಕೇಳ್ತಿದ್ದಾರೆ. ಆ ಹುಡುಗಿ ತಪ್ಪಿಸ್ಕೊಂಡ್ಲಾ?"

"ಮೂರನೇ ಅಂಕದಲ್ಲಿ" ಎಂದೆ.

"ಬೇಗ ಹೇಳಿ. ಅವರದು ಕರುಳಿನ ಆಪರೇಷನ್ನು, ಈಗ ಕರ್ಕೊಂಡು ಹೋಗ್ತಾರೆ."

ಮೂರನೆಯ ಅಂಕ ಹೇಳಿದೆ. ಗೋಡೆಯ ಆಚೆಯಿಂದ ಮೂರು ಸಲ ತಟ್ಟಿದ ಸದ್ದು ಬಂತು.

ಭಯವಾಗುತ್ತಿದೆ. ಬರೆದರೆ ಕಡಿಮೆಯಾಗುತ್ತದೆಂದು ಬರೆದೆ. ಆಗಲಿಲ್ಲ.

ಮಾರ್ಚ್ ೧೨, ಗುರುವಾರ

ಇದ್ದೇನೆ.

ಮುಖ ಕುಂಬಳಕಾಯಿ. ಹಲ್ಲುಗಳಿಗೆ ಮೇಲಿಂದ ಕೆಳಗೆ ರಬ್ಬರು. ಮೂಗು ಕಟ್ಟಿದೆ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕಂತೆ, ಬಾಯಿ ತೆರೆಯುವಂತಿಲ್ಲವಂತೆ. ಮಾತಿಲ್ಲ.

ಮಾರ್ಚ್ ೧೪, ಶನಿವಾರ

ಯಜಮಾನರು ಬಂದರು. ಬಾಗಿಲಲ್ಲಿ ನಿಂತು, ನನ್ನನ್ನು ನೋಡಿ, ಹೆಬ್ಬೆರಳು ಬಾಯಿಗೆ ಇಟ್ಟುಕೊಂಡರು. ಆಮೇಲೆ ಮುಖ ಅರಳಿತು.

"ಅದ್ಭುತ! ಏನು ಭೀಕರ! ಡಾಕ್ಟರೇ, ಈ ಊತ ಹೀಗೇ ಇರೋ ಹಾಗೆ ಮಾಡೋಕಾಗಲ್ವಾ?"

ನಗುವಂತಿಲ್ಲ. ನಕ್ಕರೆ ನೋವು. ಹೊಟ್ಟೆಯಲ್ಲೇ ನಕ್ಕೆ.

ಮಾರ್ಚ್ ೧೯, ಗುರುವಾರ

ಮನೆಗೆ ಬಂದಿದ್ದೇನೆ. ಎಲ್ಲವೂ ಹೀರುಕೊಳವೆಯಲ್ಲಿ. ಹಾಲು, ತಿಳಿಸಾರು, ಮತ್ತೆ ಹಾಲು.

ಒಂದು ವಿಷಯ: ಅಮ್ಮ ಹೊಲಿಯುವಾಗ ಹಾಡುತ್ತಾಳೆ. ಒಳ್ಳೆಯ ಕಂಠ! ಯಾವಾಗ ಕಲಿತಳೋ ಏನೋ. ಮುಗಿದ ಮೇಲೆ ಕೈಯಾಡಿಸಿ ಕೇಳಿದೆ.

"ಯಾವಾಗ್ಲಿಂದ ಅಂದ್ರೆ? ನೀನು ಹುಟ್ಟೋ ಮುಂಚಿನಿಂದ" ಎಂದಳು.

ನಾಯಕಿ ಬಂದು ಪಕ್ಕದಲ್ಲಿ ಮಲಗಿಕೊಂಡಳು. ಸೂರು ನೋಡುತ್ತ, "ನನ್ನ ಬಟ್ಟೆ ಜನಕ್ಕೆ ನೆನಪಿರುತ್ತೆ ಕಣೇ, ಮುಖ ನೆನಪಿರಲ್ಲ. ನಿನ್ನ ಗದ್ದ ನೋಡಿ ಹೊಟ್ಟೆ ಉರೀತಿತ್ತು" ಎಂದಳು. ಅವಳ ಕೈ ಹಿಡಿದುಕೊಂಡೆ. ಬೇರೆ ಏನು ಮಾಡಲಿ, ಬಾಯಿ ಕಟ್ಟಿದೆ.

ಸಂಜೆ ಅಚ್ಚಿನವರು ಬಂದರು. ರಬ್ಬರು ಸರಿಯಿದೆಯೇ ನೋಡಲು ಎಂದರು. ರಬ್ಬರು ನೋಡುವುದು ಅವರ ಕೆಲಸವಲ್ಲವೆಂದು ಅಮ್ಮ ಅಡುಗೆಮನೆಯಿಂದ ಹೇಳಿದ್ದು ಅವರಿಗೆ ಕೇಳಿಸಿತು, ಕಿವಿ ಕೆಂಪಾಯಿತು. ಆಮೇಲೆ ಮಾತಿಗೆ ಕೂತರು ನೋಡು! ಪ್ಲಾಸ್ಟರಿಗೆ ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಊರ ದೊಡ್ಡ ಗಡಿಯಾರ ಬಿಚ್ಚಿ, ಮತ್ತೆ ಜೋಡಿಸಿದಾಗ ಒಂದು ಚಕ್ರ ಕೈಯಲ್ಲೇ ಉಳಿಯಿತಂತೆ. ಗಡಿಯಾರ ಮಾತ್ರ ಮೊದಲಿಗಿಂತ ಚೆನ್ನಾಗಿ ಓಡಿತಂತೆ. ಆ ಚಕ್ರ ಈಗಲೂ ಅವರ ಹತ್ತಿರ ಇದೆಯಂತೆ. ತಂಗಿಯ ಮದುವೆ, ಮೆಟ್ಟಿಲಿನಿಂದ ಬಿದ್ದ ಬೆಕ್ಕು, ಅವರಿಗೆ ನಾಟಕವೆಂದರೆ ಯಾಕೆ ಹೆದರಿಕೆ, ಎಲ್ಲ ಹೇಳಿದರು. ದೀಪ ಹಚ್ಚುವವರೆಗೂ ಹೇಳಿದರು.

ಇಷ್ಟು ಮಾತು ಒಳಗಿಟ್ಟುಕೊಂಡು ಮನುಷ್ಯ ಇಷ್ಟು ದಿನ ಏಕೆ ಸುಮ್ಮನಿದ್ದರೋ!

ಏಪ್ರಿಲ್ ೩, ಶುಕ್ರವಾರ

ಊತ ಇಳಿದಿದೆ. ಕನ್ನಡಿಯಲ್ಲಿ ಒಬ್ಬಳಿದ್ದಾಳೆ, ನನ್ನದೇ ಗದ್ದ. ಚೆನ್ನಾಗಿದ್ದಾಳೆ. ಸ್ವಲ್ಪ ಹೊತ್ತು ನೋಡಿ, ನೀರು ಕಾಯಿಸಲು ಹೋದೆ.

ರಬ್ಬರು ಸಡಿಲವಾಗಿದೆ, ಮೆಲ್ಲಗೆ ಮಾತಾಡಬಹುದು. ಆಡಿದೆ. ಸ ಹೇಳಿದರೆ ಸೀಟಿ, ಶ ಹೇಳಿದರೆ ಗಾಳಿ. ಮೇಲ್ತುಟಿ ನನ್ನದಲ್ಲ, ಬಾಡಿಗೆಗೆ ತಂದದ್ದು. ಮತ್ತು ಧ್ವನಿ, ಇಷ್ಟೇ ಇಷ್ಟು. ಬಟ್ಟೆ ಒಣಹಾಕುವ ಹಗ್ಗದಷ್ಟು ದೂರ ಹೋಗಿ ಬಿದ್ದುಹೋಗುತ್ತದೆ. ದೊಡ್ಡದು ಮಾಡಲು ಹೋದರೆ ಕೆನ್ನೆಯ ಮೂಳೆ ಚುಚ್ಚುತ್ತದೆ. ಕಾಲಾಂತರದಲ್ಲಿ ಬರಬಹುದು ಎಂದರು ಡಾಕ್ಟರಮ್ಮ. ಪೂರ್ತಿ ಬರುತ್ತದೆ ಎಂದು ಹೇಳಲಿಲ್ಲ.

ಹಿತ್ತಲಲ್ಲಿ ನಿಂತು ಸ್ವಲ್ಪ ಅತ್ತೆ. ಅಳುವುದಕ್ಕೂ ಈಗ ಸದ್ದಿಲ್ಲ!

"ಅಮ್ಮಾವ್ರೇ, ನೀರು" ಎಂಬುದನ್ನು ಅಭ್ಯಾಸ ಮಾಡಿದೆ. ಅದರಲ್ಲಿ ಸ ಇಲ್ಲ, ಶ ಇಲ್ಲ. ಯಜಮಾನರು ದಯಾಳು.

ಏಪ್ರಿಲ್ ೧೪, ಮಂಗಳವಾರ

ಹೊಸ ನಾಟಕದ ಮೊದಲ ಓದು. ಖಾಲಿ ಸಭಾಂಗಣ; ರಂಗದ ಮೇಲೆ ವೃತ್ತವಾಗಿ ಹಾಕಿದ ಕುರ್ಚಿಗಳಲ್ಲಿ ನಾವೆಲ್ಲ. ಓದು ಎಲ್ಲೆಲ್ಲಿ ಕೇಳಿಸುತ್ತದೆಂದು ತಿಳಿಯಲು ಯಾರನ್ನಾದರೂ ಕಡೆಯ ಸಾಲಿನಲ್ಲಿ ಕೂರಿಸುವುದು ಪದ್ಧತಿ. ನನ್ನನ್ನು ಬಿಟ್ಟುಹೋಗಲು ಬಂದಿದ್ದ ಅಚ್ಚಿನವರನ್ನೇ ಯಜಮಾನರು ಹಿಡಿದು ಅಲ್ಲಿ ಕೂರಿಸಿದರು. ನಾಟಕವೆಂದರೆ ಹೆದರುವ ಮನುಷ್ಯ! ತೆರೆದಿದ್ದ ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕಿಕೊಂಡರು.

ರಾಜನ ಪಾತ್ರಕ್ಕೆ ಯಾರೂ ಸಿಕ್ಕಿಲ್ಲ. ಮೂವರನ್ನು ನೋಡಿದರಂತೆ, ಒಬ್ಬ ಗರ್ಜಿಸಿದರೆ ಕೆಮ್ಮು ಬರುತ್ತಿತ್ತು, ಉಳಿದಿಬ್ಬರಿಗೆ ಮಾವ ಅಂಟಿಸಿದ ಗದ್ದ ಬಿದ್ದುಹೋಯಿತು.

"ಇವತ್ತಿಗೆ ನೀನೇ ಓದು" ಎಂದು ಯಜಮಾನರು ಹಾಳೆಗಳನ್ನು ನನ್ನ ಮಡಿಲಿಗೆ ಎಸೆದರು. "ಅಭಿನಯ ಬೇಡ. ಸುಮ್ನೆ ಜಾಗ ತುಂಬು."

ರಾಜನ ಮೊದಲ ಪ್ರವೇಶ. ಔತಣಕೂಟ, ನಗು, ಗದ್ದಲ. ಅವನು ಒಳಗೆ ಬಂದು ಹೇಳಬೇಕಾದದ್ದು ಎರಡೇ ಮಾತು. ಮೊದಲಾಗಿದ್ದರೆ ತೊಲೆಗಳು ಅದುರುವ ಹಾಗೆ ಹೇಳುತ್ತಿದ್ದೆ. ಈಗ ಇರುವ ಧ್ವನಿ ಇಷ್ಟೇ. ಉಳಿದವರು ಔತಣದ ಮಾತುಗಳನ್ನು ಓದಿ ಮುಗಿಸುವುದನ್ನು ಕೇಳುತ್ತ ಕೂತೆ. ನಾಯಕಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಯಜಮಾನರ ಧ್ವನಿ ಎಲ್ಲಿ ಇಳಿಯುತ್ತದೆ, ಎಲ್ಲ ಕೇಳಿಸಿತು. ಇಳಿದ ಜಾಗದಲ್ಲಿ, ಯಾರ ಕಡೆಗೂ ನೋಡದೆ, ತುಟಿ ಮುಚ್ಚಿ ತೆರೆದು, ಹೇಳಿದೆ.

"ಬಾಗಿಲು ಮುಚ್ಚು. ಇವರಲ್ಲಿ ಒಬ್ಬರು ಇವತ್ತು ಮನೆಗೆ ಹೋಗಲ್ಲ."

ಎಲ್ಲರೂ ಮುಂದಕ್ಕೆ ಬಾಗಿದ್ದರು. ಮಾವನ ಟೀ ಲೋಟ ಅರ್ಧ ದಾರಿಯಲ್ಲಿ ನಿಂತಿತ್ತು. ನಾಯಕಿ ಮುಂದಿನ ಮಾತು ಅವಳದೆಂಬುದನ್ನೇ ಮರೆತು, ಉಳಿದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು, ಆ ಒಬ್ಬರು ಯಾರೆಂದು.

"ದಾಸಿಗೆ..." ಎಂದರು ಯಜಮಾನರು. ಅವರೂ ಪಿಸುಗುಡುತ್ತಿದ್ದರು. "ದಾಸಿಗೆ ಬೇರೆ ಯಾರನ್ನಾದ್ರೂ ನೋಡ್ರಪ್ಪ."

ಆಮೇಲೆ ಕಸುಬು ನೆನಪಾಗಿ, ಎದ್ದು ನಿಂತು, ಕತ್ತಲೆಯ ಕುರ್ಚಿಗಳ ಕಡೆಗೆ ಕೈ ಬಾಯಿಗಿಟ್ಟು ಕೂಗಿದರು: "ಕಡೇ ಸಾಲು! ಕೇಳಿಸ್ತಾ?"

ಉತ್ತರ ಬರಲಿಲ್ಲ. ತಿರುಗಿ ನೋಡಿದೆ.

ಅಚ್ಚಿನವರು ಎದ್ದು ಹೋಗಿ ಬಾಗಿಲು ಮುಚ್ಚುತ್ತಿದ್ದರು.